ಒಳಲೆಯ ಹಾಲು: ದಿನ ತುಂಬದ ಶಿಶುವಿನ ಪೋಷಣೆಯ ಲೆಕ್ಕವೂ ಕಾವ್ಯದೃಷ್ಟಿಯೂ

ಹಾಲೆಂಬ ಶಬ್ದದಷ್ಟು ಮಂಗಳಕರವಾದ ಶಬ್ದಗಳು ಕನ್ನಡದಲ್ಲಿ ವಿರಳ. ಹಾಲುಗೂಸು, ಹಾಲುಗಲ್ಲ, ಹಾಲುಂಡ ತವರು, ಹಾಲಿನ ಋಣ ಎಂಬೀ ಮಾತುಗಳು ಗರತಿಯರ ಹಾಡಿನಿಂದ ಪ್ರೌಢಕಾವ್ಯದವರೆಗೆ ಎಲ್ಲೆಡೆಯೂ ಹರಿದಾಡುತ್ತವೆ. ಆದರೆ ಈ ಸ್ತುತಿಯ ನಡುವೆ ಒಂದು ಪ್ರಶ್ನೆ ಮರೆಯಾಗಿ ನಿಂತಿದೆ. ಆ ಹಾಲು ಯಾರ ದುಡಿಮೆಯಿಂದ ಬಂದಿತು? ಅದು ಬಾರದಿದ್ದಾಗ ಏನು ಮಾಡಿದರು? ಬದಲಾಗಿ ತಂದುದಕ್ಕೆ ಯಾರು ಬೆಲೆ ತೆತ್ತರು? ಕವಿಗಳು ಇದನ್ನು ಕೇಳಿದುದು ಕಡಮೆ. ಕೇಳಿದಾಗ ಮಾತ್ರ ಅವರ ಉತ್ತರ ಅಸಾಧಾರಣವಾಗಿದೆ.

ಇತ್ತ ವೈದ್ಯಶಾಸ್ತ್ರವು ಕಳೆದ ಕೆಲವು ದಶಕಗಳಿಂದ ಇದೇ ಪ್ರಶ್ನೆಯನ್ನು ಬೇರೊಂದು ಭಾಷೆಯಲ್ಲಿ ಕೇಳುತ್ತಿದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಯಾವ ಹಾಲನ್ನು ಯಾವ ರೀತಿಯಲ್ಲಿ ಕೊಟ್ಟರೆ ಅಲ್ಪವ್ಯಯದಿಂದ ಅಧಿಕಫಲ ದೊರೆಯುವುದು ಎಂಬುದೇ ಆ ಪ್ರಶ್ನೆ. ಒಂದು ಕಡೆ ರೂಪಾಯಿಯ ಲೆಕ್ಕ, ಇನ್ನೊಂದು ಕಡೆ ಋಣದ ಲೆಕ್ಕ. ಇವೆರಡನ್ನೂ ಎದುರುಬದುರಾಗಿಟ್ಟು ಪರಿಶೀಲಿಸುವುದೂ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯನ್ನು ಆ ಪರೀಕ್ಷೆಗೆ ಒರೆಗಲ್ಲಾಗಿ ಹಿಡಿಯುವುದೂ ಪ್ರಕೃತ ಲೇಖನದ ಉದ್ದೇಶ. ಎರಡು ಲೆಕ್ಕಗಳೂ ಒಂದೇ ಸ್ಥಳದಲ್ಲಿ ತಪ್ಪುತ್ತವೆ ಎಂಬುದು ಇಲ್ಲಿ ಪ್ರತಿಪಾದಿತವಾಗುವ ವಿಚಾರ.

೧

ಮೊದಲು ಶಬ್ದವಿಚಾರ. ಮೂವತ್ತೇಳು ವಾರ ತುಂಬುವುದಕ್ಕೆ ಮುಂಚೆ ಹುಟ್ಟಿದ ಕೂಸನ್ನು ಇಂದಿನ ಗ್ರಂಥಗಳು ‘ಅವಧಿಪೂರ್ವ ಶಿಶು’ ಎನ್ನುತ್ತವೆ. ಜನರ ಮಾತು ‘ದಿನ ತುಂಬದ ಕೂಸು’. ಮೊದಲನೆಯದು ಪಂಚಾಂಗದ ಮಾತು. ಎರಡನೆಯದು ತಾಯಿಯ ಮಾತು. ತುಂಬುವುದು ಎಂಬ ಕ್ರಿಯೆಯಲ್ಲಿ ಬಸಿರು, ಕೊಡ, ಕೆರೆ, ಕಣಜ ಎಲ್ಲವೂ ಅಡಗಿವೆ. ತುಂಬದೆ ಬಂದುದನ್ನು ಹೊರಗಿನಿಂದ ತುಂಬಬೇಕಾಯಿತೆಂಬ ಹೊಣೆಯನ್ನೂ ಆ ನುಡಿಯೇ ಸೂಚಿಸುತ್ತದೆ.

ಏಳು ತಿಂಗಳ ಕೂಸು ಬದುಕೀತು, ಎಂಟು ತಿಂಗಳದು ಬದುಕದು ಎಂಬ ನಂಬಿಕೆ ಹಳ್ಳಿಗಳಲ್ಲಿ ಉಂಟು. ಎಂಟನೆಯ ತಿಂಗಳಿನಲ್ಲಿ ಓಜಸ್ಸು ತಾಯಿಮಕ್ಕಳ ನಡುವೆ ಅಸ್ಥಿರವಾಗಿರುವುದೆಂಬ ಆಯುರ್ವೇದದ ಮತಕ್ಕೂ ಇದಕ್ಕೂ ಸಂಬಂಧವಿರುವಂತೆ ತೋರುವುದು. ಇಂದಿನ ಜ್ಞಾನದ ಮುಂದೆ ಈ ನಂಬಿಕೆ ನಿಲ್ಲದು. ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಕೂಸಿಗೆ ಲಾಭವೇ ಹೊರತು, ಏಳಕ್ಕಿಂತ ಎಂಟು ಕೀಳಲ್ಲ. ಇಂಥ ನಂಬಿಕೆಯಿಂದ ಎಂಟು ತಿಂಗಳ ಕೂಸಿನ ವಿಷಯದಲ್ಲಿ ಕೈಚೆಲ್ಲಿ ಕುಳಿತರೆ ಬದುಕಬಹುದಾದ ಜೀವವೇ ಹೋದೀತು.

ಇನ್ನೊಂದು ಶಬ್ದ ‘ಒಳಲೆ’. ಬೆಳ್ಳಿಯದೋ ಹಿತ್ತಾಳೆಯದೋ ಆದ, ಒಂದು ತುದಿಯಲ್ಲಿ ಮೂತಿಯುಳ್ಳ ಸಣ್ಣ ಪಾತ್ರೆ; ಎಳೆಗೂಸಿಗೆ ಹಾಲನ್ನೋ ಔಷಧವನ್ನೋ ತೊಟ್ಟುತೊಟ್ಟಾಗಿ ಕುಡಿಸುವುದಕ್ಕೆ ತಲೆಮಾರುಗಳಿಂದ ಬಳಕೆಯಲ್ಲಿರುವುದು. ಚೀಪುವುದು, ನುಂಗುವುದು, ಉಸಿರಾಡುವುದು ಎಂಬ ಮೂರು ಕೆಲಸಗಳನ್ನು ಹೊಂದಿಸಿಕೊಳ್ಳುವ ಶಕ್ತಿ ಕೂಸಿಗೆ ಸುಮಾರು ಮೂವತ್ತನಾಲ್ಕನೆಯ ವಾರದ ಹೊತ್ತಿಗೆ ಬರುವುದು. ಅದಕ್ಕೂ ಮುಂಚೆ ಹುಟ್ಟಿದ ಕೂಸಿಗೆ ಬಾಯಿಂದಲೋ ಮೂಗಿನಿಂದಲೋ ಹೊಟ್ಟೆಗೆ ಇಳಿಸಿದ ಸಣ್ಣ ನಳಿಗೆಯ ಮೂಲಕ ಹಾಲು ಹಾಕುವರು. ಶಕ್ತಿ ಬಂದಂತೆ ಬಟ್ಟಲು ಅಥವಾ ಒಳಲೆಯಿಂದ ಕುಡಿಸಿ, ಕೊನೆಗೆ ಮೊಲೆಗೆ ಹಚ್ಚುವರು. ಸೀಸೆಗಿಂತ ಒಳಲೆಯನ್ನು ತೊಳೆದು ಕುದಿಸುವುದು ಸುಲಭ. ಅಜ್ಜಿಯರ ಸಂದೂಕದೊಳಗಿನ ಪಾತ್ರೆಯು ಶಿಶುಚಿಕಿತ್ಸೆಯ ಕೋಣೆಗೆ ಹೀಗೆ ಗೌರವದಿಂದ ಮರಳಿ ಬಂದಿರುವಾಗ, ಅದರ ಹೆಸರನ್ನು ಆರೋಗ್ಯವಿಷಯಕ ಗ್ರಂಥಗಳಿಂದ ಬಿಟ್ಟುಬಿಡುವುದು ಭಾಷೆಗೂ ಬಾಣಂತಿಗೂ ನಷ್ಟ.

೨

ಇನ್ನು ವೈದ್ಯರ ಲೆಕ್ಕ. ದಿನ ತುಂಬದ ಕೂಸಿಗೆ ಮೂರು ಬಗೆಯ ಹಾಲು ಸಾಧ್ಯ: ಹೆತ್ತ ತಾಯಿಯ ಹಾಲು, ಬೇರೊಬ್ಬ ತಾಯಿ ದಾನವಾಗಿತ್ತ ಹಾಲು, ಹಸುವಿನ ಹಾಲಿನಿಂದ ಸಿದ್ಧಪಡಿಸಿದ ಪುಡಿಹಾಲು. ೧೯೦೦ರಲ್ಲಿ ಪ್ಯಾರಿಸ್ಸಿನ ಪಿಯೆರ್ ಬ್ಯೂಡೆನ್ ಎಂಬ ವೈದ್ಯನು ಎಳೆಗೂಸುಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಬೆಚ್ಚಗಿಡುವುದು, ಉಣಿಸುವುದು, ರೋಗದಿಂದ ಕಾಯುವುದು ಇವೇ ಮುಖ್ಯ ಸಮಸ್ಯೆಗಳಾಗಿದ್ದುವು. ಇಂದಿಗೂ ಅವೇ ಮುಖ್ಯ. ೧೯೦೯ರಲ್ಲಿ ವಿಯೆನ್ನಾ ನಗರದಲ್ಲಿ ಮೊದಲನೆಯ ಮಾನವಕ್ಷೀರದ ಭಂಡಾರ ತೆರೆಯಿತು. ಭಾರತದಲ್ಲಿ ೧೯೮೯ರಲ್ಲಿ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಏಷ್ಯಾಖಂಡದಲ್ಲಿಯೇ ಮೊದಲನೆಯದೆನಿಸಿದ ಇಂಥ ಭಂಡಾರವನ್ನು ಸ್ಥಾಪಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ೨೦೨೨ರಲ್ಲಿ ‘ಅಮೃತಧಾರೆ’ ಎಂಬ ಹೆಸರಿನಿಂದ ಒಂದು ಭಂಡಾರ ಪ್ರಾರಂಭವಾಯಿತು.

ಹಾಲಿನ ಆಯ್ಕೆಯಿಂದ ಆಗುವ ಅಂತರವು ಅಲ್ಪವಲ್ಲ. ದಿನ ತುಂಬದ ಕೂಸುಗಳಿಗೆ ಬರುವ ರೋಗಗಳಲ್ಲಿ ಕರುಳಿನ ಗೋಡೆ ಕೊಳೆತು ಸಾಯುವ ರೋಗವೊಂದು ಅತಿ ಭಯಂಕರವಾದುದು. ಲೂಕಸ್ ಮತ್ತು ಕೋಲ್ ಎಂಬವರು ೯೨೬ ಕೂಸುಗಳನ್ನು ಪರಿಶೀಲಿಸಿ ೧೯೯೦ರಲ್ಲಿ ಪ್ರಕಟಿಸಿದ ವರದಿಯಂತೆ, ಬರಿಯ ಪುಡಿಹಾಲನ್ನುಂಡ ಕೂಸುಗಳಲ್ಲಿ ಆ ರೋಗವು ಬರಿಯ ತಾಯಿಹಾಲನ್ನುಂಡವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚಾಗಿದ್ದಿತು. ದಾನದ ಹಾಲಿಗೂ ಪುಡಿಹಾಲಿಗೂ ತುಲನೆ ಮಾಡಿದ ಹನ್ನೆರಡು ಪ್ರಯೋಗಗಳನ್ನು ೨೦೧೯ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪುಡಿಹಾಲಿನಿಂದ ಕೂಸಿನ ತೂಕ ಬೇಗ ಏರುವುದೆಂದೂ ಕರುಳಿನ ರೋಗದ ಭಯವು ಹೆಚ್ಚುಕಡಮೆ ಇಮ್ಮಡಿಯಾಗುವುದೆಂದೂ ಕಂಡುಬಂದಿತು. ದಾನದ ಹಾಲು ಎಲ್ಲ ಗುಣಗಳಲ್ಲಿಯೂ ತಾಯಿಯ ಹಾಲಿಗೆ ಸಮವಲ್ಲ. ಅದನ್ನು ೬೨.೫ ಅಂಶದ ಶಾಖದಲ್ಲಿ ಅರ್ಧ ಗಂಟೆ ಇಡುವಾಗ ರೋಗಾಣುಗಳೊಡನೆ ರಕ್ಷಕಾಂಶಗಳೂ ಕೆಲಮಟ್ಟಿಗೆ ನಷ್ಟವಾಗುವುವು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಹೊರಡಿಸಿದ ಸಲಹೆಗಳಲ್ಲಿ ತಾಯಿಯ ಹಾಲಿಗೆ ಅಗ್ರಸ್ಥಾನ. ಅದು ದೊರೆಯದಾಗ, ಮೂವತ್ತೆರಡು ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಒಂದೂವರೆ ಕಿಲೋಗ್ರಾಮಿಗಿಂತ ಕಡಮೆ ತೂಕದ ಕೂಸಿಗೆ ದಾನದ ಹಾಲು. ಪುಡಿಹಾಲಿಗೆ ಕೊನೆಯ ಸ್ಥಾನ.

ವ್ಯಯದ ಗಣನೆಯಲ್ಲಿ ವಿಷಯ ಇಷ್ಟು ಸರಳವಲ್ಲ. ಕರುಳಿನ ರೋಗ ಬಂದರೆ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆವಾಸ, ಉಳಿದರೆ ಕುಂದಿದ ಬೆಳವಣಿಗೆ. ಆದುದರಿಂದ ರೋಗವನ್ನು ತಪ್ಪಿಸುವ ಹಾಲು ತುಟ್ಟಿಯಾದರೂ ಅಗ್ಗವೇ ಎಂಬುದು ಒಂದು ವಾದ. ಆದರೆ ಕೆನಡಾ ದೇಶದ ಆಸ್ಪತ್ರೆಗಳ ಪ್ರಯೋಗವನ್ನು ಆಧರಿಸಿ ೨೦೧೮ರಲ್ಲಿ ಪ್ರಕಟವಾದ ಗಣನೆಯಲ್ಲಿ, ಹದಿನೆಂಟು ತಿಂಗಳವರೆಗಿನ ಒಟ್ಟು ವೆಚ್ಚದಲ್ಲಿ ದಾನದ ಹಾಲಿಗೂ ಪುಡಿಹಾಲಿಗೂ ಗಣನೀಯವಾದ ಭೇದ ಕಾಣಲಿಲ್ಲ. ಲಾಭವಿದ್ದುದು ರೋಗ ಕಡಮೆಯಾದುದರಲ್ಲಿ. ಶ್ರೀಮಂತ ದೇಶದ ಈ ಅಂಕೆಗಳನ್ನು ಹಾಗೆಯೇ ತಂದು ತುಂಗಭದ್ರೆಯ ದಡದಲ್ಲಿ ನೆಡಲಾಗದು.

ಇಂಥ ಲೆಕ್ಕಗಳನ್ನು ಓದುವಾಗ ಸಾಹಿತ್ಯವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಅಂಕೆಯಲ್ಲ, ಒಂದು ವಿಶೇಷಣ. ದಾನದ ಹಾಲಿನ ಕಂಬದಲ್ಲಿ ಸಂಗ್ರಹ, ಪರೀಕ್ಷೆ, ಶಾಖ, ಶೈತ್ಯ, ಸಿಬ್ಬಂದಿ ಎಂದು ಸಾಲುಗಳಿರುವುವು. ಪುಡಿಹಾಲಿನ ಕಂಬದಲ್ಲಿ ಡಬ್ಬಿಯ ಬೆಲೆಯಿರುವುದು. ತಾಯಿಯ ಹಾಲಿನ ಎದುರು ಬಹುತೇಕ ಇರುವುದು ‘ಉಚಿತ’ ಎಂಬ ಒಂದೇ ಪದ. ಅದನ್ನು ಪ್ರಶಂಸೆಗೆಂದೇ ಬರೆದಿರುವರು. ಆದರೂ ಅದು ಸುಳ್ಳು.

೩

ಈ ಸುಳ್ಳಿಗೆ ಕಾವ್ಯಸಂಪ್ರದಾಯವೂ ಹೊಣೆಯಾಗಿದೆ. ಮಗುವನ್ನು ಕಂಡೊಡನೆ ತಾಯ ಮೊಲೆ ತೊರೆಯಿತೆಂಬುದು ಕವಿಗಳ ಸಿದ್ಧವರ್ಣನೆ. ಅಗಲಿ ಹೋದ ಮಗನನ್ನು ವರ್ಷಗಳ ಮೇಲೆ ಕಂಡರೂ ತೊರೆಯುವುದು. ಗುರುತು ಸಿಗುವ ಮೊದಲೇ ತೊರೆಯುವುದು. ವಾತ್ಸಲ್ಯದ ಅನುಭಾವವಾಗಿ ಇದು ಮನೋಹರವೇ. ಆದರೆ ಬಳಸಿ ಬಳಸಿ ಅದೊಂದು ಸಿದ್ಧಾಂತವಾಗಿಬಿಟ್ಟಿತು: ಪ್ರೇಮವಿದ್ದಲ್ಲಿ ಹಾಲು ತಾನಾಗಿ ಬರುವುದು, ಬಾರದಿದ್ದರೆ ಪ್ರೇಮದಲ್ಲಿಯೇ ಕೊರತೆ. ದಿನ ತುಂಬದ ಕೂಸನ್ನು ಹೆತ್ತು, ಕೂಸು ಒಂದು ಕೋಣೆಯಲ್ಲಿ ತಾನೊಂದು ಕೋಣೆಯಲ್ಲಿ ಮಲಗಿ, ಹಾಲು ಇಳಿಯದೆ ಕಣ್ಣೀರಿಡುವ ಬಾಣಂತಿಯ ಮೇಲೆ ಈ ಸಿದ್ಧಾಂತವು ಹೊರಿಸುವ ಭಾರ ಎಷ್ಟೆಂಬುದನ್ನು ಕವಿಗಳು ಎಣಿಸಲಿಲ್ಲ. ಚೀಪುವ ಬಾಯಿಲ್ಲದಲ್ಲಿ ಹಾಲು ಉಳಿಯಬೇಕಾದರೆ, ಹಗಲಿರುಳೂ ಎಂಟು ಬಾರಿಯಾದರೂ ಕೈಯಿಂದ ಹಿಂಡಿ ತೆಗೆಯುತ್ತಿರಬೇಕು. ಅದು ಭಾವವಲ್ಲ, ಕೆಲಸ.

ಸಂಪ್ರದಾಯವನ್ನು ಮೀರಿ ನಿಂತ ಕಥೆಗಳು ಕೆಲವಿವೆ. ಅವುಗಳಲ್ಲಿ ಮೊದಲನೆಯದು ಮಹಾಭಾರತದ ಆದಿಪರ್ವದ ಅಶ್ವತ್ಥಾಮನ ಬಾಲ್ಯವೃತ್ತಾಂತ. ಧನಿಕರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಬಾಲಕನು ಹಾಲಿಗಾಗಿ ಅತ್ತನು. ದ್ರೋಣನು ಧರ್ಮಮಾರ್ಗದಿಂದ ಒಂದು ಹಸುವನ್ನು ಪಡೆಯಬೇಕೆಂದು ಅಲೆದರೂ ದೊರೆಯಲಿಲ್ಲ. ಜೊತೆಯ ಹುಡುಗರು ಹಿಟ್ಟು ಕದಡಿದ ನೀರನ್ನು ಕೊಟ್ಟರು, ಅದನ್ನೇ ಹಾಲೆಂದು ಕುಡಿದು ಬಾಲಕನು ಕುಣಿದಾಡಿದನು, ಅವರು ನಕ್ಕರು. ಆ ನಗೆಯನ್ನು ತಾಳಲಾರದೆ ದ್ರೋಣನು ಬಾಲ್ಯಸ್ನೇಹಿತನಾದ ದ್ರುಪದನ ಬಾಗಿಲಿಗೆ ಹೋದನು. ಅಲ್ಲಿ ಅವನಿಗಾದ ಅವಮಾನ, ಅದಕ್ಕೆ ಪ್ರತೀಕಾರ, ಆ ಪ್ರತೀಕಾರಕ್ಕೆ ಪ್ರತಿಯಾಗಿ ಹುಟ್ಟಿದ ಧೃಷ್ಟದ್ಯುಮ್ನ, ಕುರುಕ್ಷೇತ್ರ. ಎಲ್ಲವೂ ಒಂದು ಬಟ್ಟಲು ಹಾಲಿನ ಅಭಾವದಿಂದ ಹೊರಟ ಸರಪಳಿ. ಹಾಲು ದೊರೆಯದುದರ ವ್ಯಯವನ್ನು ಇದಕ್ಕಿಂತ ದೊಡ್ಡದಾಗಿ ಲೆಕ್ಕ ಹಾಕಿದ ಕವಿ ಲೋಕದಲ್ಲಿ ಇನ್ನೊಬ್ಬನಿಲ್ಲ. ಹಸುವಿನ ಬೆಲೆ ಉಳಿಯಿತು. ಹದಿನೆಂಟು ಅಕ್ಷೋಹಿಣಿ ಹೋಯಿತು.

ಶೈವಪುರಾಣಗಳ ಉಪಮನ್ಯುವಿನ ಕಥೆಯಲ್ಲಿಯೂ ಹಿಟ್ಟಿನ ನೀರೇ ಬರುವುದು. ಆದರೆ ಇಲ್ಲಿ ಅದನ್ನು ಕೊಟ್ಟವಳು ತಾಯಿ. ಹುಡುಗರ ಹಾಸ್ಯವು ಇಲ್ಲಿ ತಾಯಿಯ ದೈನ್ಯವಾಗಿ ಮಾರ್ಪಟ್ಟಿದೆ. ಬಾಲಕನು ರುಚಿಯಿಂದಲೇ ಮೋಸವನ್ನರಿತು, ತಪಸ್ಸು ಮಾಡಿ, ಕ್ಷೀರಸಾಗರವನ್ನೇ ಪಡೆದನೆಂದು ಪುರಾಣವು ಮುಗಿಸುತ್ತದೆ. ಕ್ಷೀರಸಾಗರವು ಪುರಾಣದ ಪರಿಹಾರ. ಹಿಟ್ಟಿನ ನೀರು ಲೋಕದ ಸತ್ಯ. ಡಬ್ಬಿಯ ಹಾಲು ಹೆಚ್ಚು ದಿನ ಬರಲೆಂದು ಅಳತೆಮೀರಿ ನೀರು ಬೆರೆಸಿ ಕುಡಿಸುವ ಬಡತಾಯಂದಿರು ಇಪ್ಪತ್ತನೆಯ ಶತಮಾನದಲ್ಲಿ ನಾನಾ ದೇಶಗಳಲ್ಲಿ ಕಂಡುಬಂದರು. ೧೯೩೯ರಲ್ಲಿ ಸಿಂಗಪುರದಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ಈ ವ್ಯಾಪಾರವನ್ನು ಕೊಲೆಯೆಂದೇ ಕರೆದು ಉಪನ್ಯಾಸ ಮಾಡಿದಳು. ೧೯೮೧ರಲ್ಲಿ ಅಂತಾರಾಷ್ಟ್ರೀಯ ನಿಯಮಾವಳಿಯೂ, ಭಾರತದಲ್ಲಿ ೧೯೯೨ರಲ್ಲಿ ಶಿಶುಕ್ಷೀರದ ಬದಲಿವಸ್ತುಗಳ ಪ್ರಚಾರವನ್ನು ನಿಷೇಧಿಸುವ ಶಾಸನವೂ ಬಂದುವು. ಉಪಮನ್ಯುವಿನ ತಾಯಿಯನ್ನು ಪುರಾಣಕಾರನು ನಿಂದಿಸಲಿಲ್ಲವೆಂಬುದು ಇಲ್ಲಿ ಸ್ಮರಣೀಯ. ಮೋಸವು ಅವಳದಲ್ಲ, ದಾರಿದ್ರ್ಯದ್ದು.

೪

ಕನ್ನಡಕ್ಕೆ ಹೆಚ್ಚು ಹತ್ತಿರವಾದುದೂ ಪ್ರಕೃತ ವಿಷಯಕ್ಕೆ ನೇರವಾಗಿ ತಾಗುವುದೂ ಬೆಜ್ಜಮಹಾದೇವಿಯ ಕಥೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಿಂದ ಭೀಮಕವಿಯು ೧೩೬೯ರಲ್ಲಿ ಕನ್ನಡಿಸಿದ ಬಸವಪುರಾಣದ ಮೂಲಕ ಅದು ಕನ್ನಡಿಗರಿಗೆ ಪರಿಚಿತವಾಯಿತು. ಶಿವನಿಗೆ ತಾಯಿಯಿಲ್ಲ, ಇದ್ದಿದ್ದರೆ ಅವನು ವಿಷವನ್ನುಣ್ಣುತ್ತಿದ್ದನೆ, ತೊಗಲನ್ನುಡುತ್ತಿದ್ದನೆ, ಸುಡುಗಾಡಿನಲ್ಲಿ ಅಲೆಯುತ್ತಿದ್ದನೆ ಎಂದು ಮರುಗಿದ ಆ ಭಕ್ತೆಯು ತಾನೇ ಅವನಿಗೆ ತಾಯಾದಳು. ಎಣ್ಣೆಯೊತ್ತಿದಳು, ಎರೆದಳು, ಹಾಲೂಡಿದಳು. ಅವಳ ಭಾವವನ್ನು ಪರೀಕ್ಷಿಸಲೆಂದು ಶಿವನು ಬಾಯಬೇನೆಯನ್ನು ನಟಿಸಿ ಹಾಲನ್ನೊಲ್ಲದಾದನು. ತಾಯಿಯು ಕಂಗೆಟ್ಟು, ಕೂಸು ಉಣ್ಣದಿದ್ದಮೇಲೆ ತನ್ನ ಪ್ರಾಣವೇಕೆಂದು ಸಾಯಲು ಸಿದ್ಧಳಾದಳು. ಆಗ ಅವನು ಪ್ರತ್ಯಕ್ಷನಾದನು.

ಈ ಕಥೆಯನ್ನು ಭಕ್ತಿಯ ಮುಗ್ಧತೆಗೆ ಉದಾಹರಣೆಯಾಗಿ ಹೇಳಿ ಮುಂದುವರಿಯುವುದು ವಾಡಿಕೆ. ಆದರೆ ಇದರ ಹೃದಯವಿರುವುದು ಬೇರೆಡೆ. ಹಾಲು ಇದೆ, ಪ್ರೀತಿ ಇದೆ, ಕೈಯೂ ಇದೆ. ಕೂಸು ಮಾತ್ರ ನುಂಗಲಾರದು. ತಾಯ ಮೊಲೆ ತೊರೆದರೆ ಸಾಲದು, ಕೂಸಿನ ಬಾಯಿ ಕೊಳ್ಳಬೇಕು ಎಂಬ ಸತ್ಯವನ್ನು ಕಂಡ ಕಥೆ ಇದೊಂದೇ ಎಂದರೆ ಅತಿಶಯೋಕ್ತಿಯಲ್ಲ. ಕಥಾಕಾರನು ಎಣ್ಣೆ, ನೀರು, ಹಾಲುಗಳ ಉಪಚಾರವನ್ನು ದೈನಂದಿನ ದುಡಿಮೆಯಾಗಿ ಒಂದೊಂದಾಗಿ ಹೇಳಿರುವುದೂ ಗಮನಾರ್ಹ. ಬೆಜ್ಜಮಹಾದೇವಿಯ ತಾಯ್ತನವು ಹೆರಿಗೆಯಿಂದ ಬಂದುದಲ್ಲ, ಉಪಚಾರದಿಂದ ಬಂದುದು. ಹರಿಹರನ ಕೋಳೂರು ಕೊಡಗೂಸು ಶಿವನಿಗೆ ಹಾಲೆರೆಯುವ ಕಥೆಯೊಡನೆ ಇದನ್ನು ತೂಗಿದರೆ ಭೇದ ಸ್ಪಷ್ಟವಾಗುವುದು. ಕೊಡಗೂಸಿಗೆ ದೇವರು ಹಾಲು ಕುಡಿಯದಿದ್ದರೆ ತಂದೆತಾಯಿಯರ ಭಯ. ಬೆಜ್ಜಮಹಾದೇವಿಗೆ ಕೂಸಿನ ಭಯ. ಹಂಪೆಯ ಕವಿಯ ರಗಳೆ ಕಾವ್ಯವಾಗಿ ಮೇಲಾದುದಿರಬಹುದು. ತಾಯ್ತನದ ಅರಿವಿನಲ್ಲಿ ಬಸವಪುರಾಣದ ಕಥೆಯೇ ಆಳವಾದುದು.

ಉಪಚಾರವೇ ಔಷಧವೆಂಬ ಈ ತತ್ತ್ವಕ್ಕೆ ಇಂದು ಪ್ರಮಾಣ ದೊರೆತಿದೆ. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ೧೯೭೮ರಲ್ಲಿ, ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದಾದಾಗ, ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳುವ ಕ್ರಮವನ್ನು ಡಾ. ಎಡ್ಗರ್ ರೇ ಪ್ರಾರಂಭಿಸಿದನು. ಅಭಾವದಿಂದ ಹುಟ್ಟಿದ ಆ ‘ಕಾಂಗರೂ’ ಕ್ರಮವು ಕೇವಲ ಬಡವರ ಬದಲಿಯಲ್ಲವೆಂಬುದು ಐದು ದೇಶಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪ್ರಯೋಗದಿಂದ ಸಿದ್ಧವಾಯಿತು: ಹುಟ್ಟಿದೊಡನೆ ಎದೆಗೆ ಕಟ್ಟಿಕೊಂಡ ಕೂಸುಗಳಲ್ಲಿ ಇಪ್ಪತ್ತೆಂಟು ದಿನಗಳೊಳಗಿನ ಮರಣ ನೂರಕ್ಕೆ ೧೨.೦, ಸ್ಥಿತಿ ಸುಧಾರಿಸಿದಮೇಲೆ ಕಟ್ಟಿಕೊಂಡವುಗಳಲ್ಲಿ ೧೫.೭. ಹಗರಿಬೊಮ್ಮನಹಳ್ಳಿಯ ಸೀಮೆಗೆ ಹೊಳೆಯಾಚೆಯ ನೆರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸಂತ ಜಾನ್ ಸಂಶೋಧನ ಸಂಸ್ಥೆಯವರು ಸರಕಾರದೊಡನೆ ಸೇರಿ ಈ ಕ್ರಮವನ್ನು ಜಿಲ್ಲೆಯ ಉದ್ದಗಲಕ್ಕೂ ಹಬ್ಬಿಸುವ ಕಾರ್ಯವನ್ನು ನಡೆಸಿರುವರು. ಎದೆಗೆ ಕಟ್ಟಿಕೊಂಡ ತಾಯಿಗೆ ಹಾಲು ಇಳಿಯುವುದೂ ಹೆಚ್ಚು. ಕವಿಗಳ ‘ತೊರೆಯುವ ಮೊಲೆ’ಗೆ ಇಲ್ಲಿ ಅರ್ಧ ಸಮರ್ಥನೆ ದೊರೆಯುವುದು. ಆದರೆ ಕಂಡ ಮಾತ್ರಕ್ಕಲ್ಲ, ಗಂಟೆಗಟ್ಟಲೆ ಅಪ್ಪಿಕೊಂಡುದರಿಂದ.

೫

ಪರರ ಹಾಲಿನ ವಿಚಾರದಲ್ಲಿ ಸಂಪ್ರದಾಯವು ಆಶ್ಚರ್ಯಕರವಾಗಿ ಉದಾರವಾಗಿದೆ. ಷಣ್ಮುಖನಿಗೆ ಆರು ಮಂದಿ ಕೃತ್ತಿಕೆಯರು ಹಾಲೂಡಿದರು. ಕೃಷ್ಣನು ಉಂಡುದು ಯಶೋದೆಯ ಹಾಲನ್ನು. ಪೂತನಿಯ ಕಥೆಯಲ್ಲಿ ವಿಷಯದ ಇನ್ನೊಂದು ಮುಖವೂ ಉಂಟು: ಪರರ ಹಾಲನ್ನು ಪರೀಕ್ಷಿಸದೆ ಕೊಳ್ಳಬಾರದು. ಚರಕಸಂಹಿತೆಯಲ್ಲಿ ದಾದಿಯ ಆರೋಗ್ಯ, ಶೀಲ, ಕ್ಷೀರಗಳ ಪರೀಕ್ಷೆಯನ್ನು ವಿಧಿಸಿರುವುದೂ, ಇಂದಿನ ಭಂಡಾರಗಳಲ್ಲಿ ದಾನಿಯ ರಕ್ತವನ್ನೂ ಹಾಲನ್ನೂ ಪರೀಕ್ಷಿಸುವುದೂ ಒಂದೇ ವಿವೇಕದ ಎರಡು ರೂಪಗಳು. ತಾಯಿಯೂ ದಾದಿಯೂ ಇಲ್ಲದಾಗ ಆಡಿನ ಅಥವಾ ಹಸುವಿನ ಹಾಲೆಂದು ವಾಗ್ಭಟನು ಹೇಳಿದನು. ಮಾನವಕ್ಷೀರ ಮೊದಲು, ಪಶುಕ್ಷೀರ ಆಮೇಲೆ ಎಂಬ ಈ ಅನುಕ್ರಮವು ಇಂದಿಗೂ ಮುರಿದಿಲ್ಲ.

ಗೋವಿನ ಹಾಡಿನಲ್ಲಿ ಈ ವಿಚಾರವು ಅತ್ಯಂತ ಕರುಣವಾಗಿದೆ. ಪುಣ್ಯಕೋಟಿಯ ಸತ್ಯನಿಷ್ಠೆಯನ್ನೇ ಎಲ್ಲರೂ ಕೊಂಡಾಡುವರು. ಆದರೆ ಹುಲಿಯ ಬಳಿಗೆ ಮರಳುವ ಮುನ್ನ ಅವಳು ಮಾಡಿದುದು ಏನು? ಕರುವಿಗೆ ಹಾಲೂಡಿದಳು, ಮುಂದೆ ಅದನ್ನು ನೋಡಿಕೊಳ್ಳಿರೆಂದು ದೊಡ್ಡಿಯ ಒಡಹುಟ್ಟುಗಳಂಥ ಹಸುಗಳಿಗೆ ಒಪ್ಪಿಸಿದಳು. ಸತ್ಯವನ್ನು ನಡೆಸುವುದಕ್ಕೆ ಅವಳಿಗೆ ಧೈರ್ಯ ಬಂದುದು ಆ ಒಪ್ಪಂದದಿಂದ. ತಬ್ಬಲಿಗೆ ಹಾಲುಂಟೆಂಬ ಭರವಸೆಯು ಒಂದು ಹಿಂಡನ್ನು ಸಮಾಜವನ್ನಾಗಿ ಮಾಡುವುದು. ಪಾಠಶಾಲೆಯಲ್ಲಿ ಈ ಹಾಡನ್ನು ಕಲಿಸುವವರು ಸತ್ಯದ ಜೊತೆಗೆ ಈ ಅಂಶವನ್ನೂ ತೋರಿಸಿದರೆ ಹಾಡಿನ ಅರ್ಥ ಪೂರ್ಣವಾದೀತು.

ಹಾಗಾದರೆ ಪರರ ಹಾಲಿಗೆ ಬೆಲೆಯೇನು? ದಾನವೆಂದರೆ ಕೊಟ್ಟವರು ಮೇಲಾಗುವರು; ಮಾರಾಟವೆಂದರೆ ಹಾಲು ಸರಕಾಗುವುದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ೨೦೨೪ರ ಮೇ ತಿಂಗಳಲ್ಲಿ ಮಾನವಕ್ಷೀರದ ವ್ಯಾಪಾರಕ್ಕೆ ಅನುಮತಿಯಿಲ್ಲವೆಂದು ಸ್ಪಷ್ಟಪಡಿಸಿತು. ಮಾರುವ ತಾಯಿಯು ತನ್ನ ಕೂಸಿನ ಪಾಲನ್ನು ಮಾರಿಯಾಳೆಂಬ ಭಯವು ನ್ಯಾಯವಾದುದೇ. ಇವೆರಡಕ್ಕೂ ನಡುವಣ ಒಂದು ಪದ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಉಂಟು: ‘ಮುಯ್ಯಿ’. ಮದುವೆ ತೊಟ್ಟಿಲುಗಳಲ್ಲಿ ಒಬ್ಬರು ಇತ್ತುದನ್ನು ನೆನಪಿಟ್ಟು ಅವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸುವುದು ಮುಯ್ಯಿ; ಹೊಲದ ಕೆಲಸಕ್ಕೆ ಆಳಿಗೆ ಆಳು ಹೋಗುವುದು ಮುಯ್ಯಾಳು. ಗಲಗಲಿಯ ಅವ್ವನವರು ಮುಯ್ಯಿಯನ್ನೇ ವಸ್ತುವನ್ನಾಗಿ ಮಾಡಿಕೊಂಡು ಹಾಡು ಕಟ್ಟಿದರು. ಇತ್ತ ಹರಪನಹಳ್ಳಿಯ ಭೀಮವ್ವನವರು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಂಗಸರ ನಾಲಿಗೆಯ ಮೇಲೆ ನಿಲ್ಲುವ ಹರಿದಾಸಗೀತೆಗಳನ್ನು ರಚಿಸಿದರು. ಹೆಂಗಸರು ತಮ್ಮತಮ್ಮೊಳಗೆ ನಡೆಸುವ ಕೊಡುಕೊಳ್ಳುವಿಕೆಗೆ ಕಾವ್ಯದಲ್ಲಿ ಸ್ಥಾನ ದೊರೆತುದು ಇಂಥವರಿಂದ. ಹಾಲಿನ ಭಂಡಾರವು ದಾನವೂ ಅಲ್ಲ, ವ್ಯಾಪಾರವೂ ಅಲ್ಲ, ಬಾಣಂತಿಯರ ಮುಯ್ಯಿ ಎಂದು ಹೇಳಿದರೆ, ಹಡಗಲಿಯ ಅಥವಾ ಕೊಟ್ಟೂರಿನ ತಾಯಿಗೆ ವ್ಯಾಖ್ಯಾನ ಬೇಕಾಗದು.

೬

ಈಗ ಆ ಸೀಮೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ೧೯೫೩ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಭಾಗಗಳು. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆಗೆ ಹೋಗಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಐದು ಸ್ಥಳಗಳೂ ಹೊಸಪೇಟೆ ಕೇಂದ್ರವಾದ ವಿಜಯನಗರ ಜಿಲ್ಲೆಯಲ್ಲಿ ಒಂದಾದುವು. ಮಳೆಯನ್ನು ನಂಬಿದ ಬೇಸಾಯ, ಮಳೆ ತಪ್ಪಿದ ವರ್ಷ ಗುಳೆ, ಹೆಂಗಸರಿಗೂ ದಿನಗೂಲಿ; ಇದು ಅಲ್ಲಿನ ಜೀವನಕ್ರಮ. ಕೊಟ್ಟೂರಿನವರಾದ ಕುಂ. ವೀರಭದ್ರಪ್ಪನವರ ಕಾದಂಬರಿಗಳಲ್ಲಿ ಈ ನೆಲದ ಬಡತನವೂ ನಗೆಯೂ ಕಾಣಬರುತ್ತವೆ. ದಿನ ತುಂಬದ ಕೂಸು ತೀರ ಚಿಕ್ಕದಾದರೆ ಅದನ್ನು ತಾಲೂಕು ದಾಟಿ ಬಳ್ಳಾರಿಗೋ ದಾವಣಗೆರೆಗೋ ಒಯ್ಯಬೇಕಾಗುವುದು. ಆಗ ತಾಯಿಯು ಎಲ್ಲಿರಬೇಕೆಂಬುದೇ ಮೊದಲನೆಯ ಪ್ರಶ್ನೆ.

‘ಉಚಿತ’ವೆಂಬ ಪದವನ್ನು ಇಲ್ಲಿ ಬಿಡಿಸಿ ನೋಡಬಹುದು. ೧೨೦೦ ಗ್ರಾಂ ತೂಕದ ಕೂಸು ಪೂರ್ಣಪ್ರಮಾಣದಲ್ಲಿ ಉಣ್ಣತೊಡಗಿದಾಗ ದಿನಕ್ಕೆ ಸುಮಾರು ೨೦೦ ಮಿಲಿಲೀಟರು ಹಾಲು ಸಾಕು. ಎರಡು ಸಣ್ಣ ಲೋಟದಷ್ಟು. ಅಷ್ಟಕ್ಕಾಗಿ ತಾಯಿಯು ದಿನಕ್ಕೆ ಎಂಟು ಬಾರಿ, ಬಾರಿಗೆ ಅರ್ಧ ಗಂಟೆಯಂತೆ ಹಿಂಡಿದಳೆಂದಿಟ್ಟುಕೊಂಡರೆ ನಾಲ್ಕು ಗಂಟೆಯಾಯಿತು. ಮೂವತ್ತು ದಿನಕ್ಕೆ ೧೨೦ ಗಂಟೆ. ಎಂಟು ಗಂಟೆಯ ಕೂಲಿದಿನದಂತೆ ಹದಿನೈದು ದಿನ. ೨೦೨೪-೨೫ರಲ್ಲಿ ಉದ್ಯೋಗಖಾತರಿಯ ಕೂಲಿಯು ಕರ್ನಾಟಕದಲ್ಲಿ ದಿನಕ್ಕೆ ೩೪೯ ರೂಪಾಯಿ ಇದ್ದಿತು; ಆ ದರದಲ್ಲಿ ೫,೨೩೫ ರೂಪಾಯಿ. ಇದು ಹಿಂಡುವ ಕೆಲಸ ಒಂದರದೇ ಲೆಕ್ಕ. ಕೂಸನ್ನು ದಿನಕ್ಕೆ ಎಂಟು ಗಂಟೆಯಾದರೂ ಎದೆಗೆ ಕಟ್ಟಿಕೊಳ್ಳುವುದು, ಒಳಲೆಯನ್ನು ಕುದಿಸುವುದು, ತೊಟ್ಟುತೊಟ್ಟಾಗಿ ಕುಡಿಸುವುದು ಇದರಲ್ಲಿ ಸೇರಿಲ್ಲ. ಜೊತೆಗೆ ಬಂದ ಅವ್ವನೋ ಅತ್ತೆಯೋ ಕಳೆದುಕೊಂಡ ಕೂಲಿ, ಬಸ್ಸಿನ ಖರ್ಚು, ಊರಿನಲ್ಲಿ ಬಿಟ್ಟುಬಂದ ಹಿರಿಯ ಮಕ್ಕಳು, ಇವೂ ಸೇರಿಲ್ಲ.

ಸರಕಾರದ ನೆರವು ಇಲ್ಲವೆಂದಲ್ಲ. ೨೦೧೧ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯೂ ನವಜಾತ ಶಿಶುವಿನ ಚಿಕಿತ್ಸೆಯೂ ಉಚಿತವಾದುವು. ಆದರೆ ಅದರಲ್ಲಿ ತಾಯಿಯ ಊಟವನ್ನು ಸಹಜ ಹೆರಿಗೆಗೆ ಮೂರು ದಿನ, ಶಸ್ತ್ರಚಿಕಿತ್ಸೆಯ ಹೆರಿಗೆಗೆ ಏಳು ದಿನ ಎಂದು ಎಣಿಸಲಾಯಿತು. ದಿನ ತುಂಬಿದ ಕೂಸಿನ ತಾಯಿಗೆ ಒಪ್ಪುವ ಎಣಿಕೆ ಅದು, ತಿಂಗಳುಗಟ್ಟಲೆ ಕಾಯಬೇಕಾದವಳಿಗಲ್ಲ. ಕೂಲಿನಷ್ಟಕ್ಕೆ ಭಾಗಶಃ ಪರಿಹಾರವೆಂದು ೨೦೧೭ರಲ್ಲಿ ಬಂದ ಮಾತೃವಂದನಾ ಯೋಜನೆಯಲ್ಲಿ ಮೊದಲನೆಯ ಕೂಸಿಗೆ ೫,೦೦೦ ರೂಪಾಯಿ ಗೊತ್ತಾಯಿತು. ಮೇಲಣ ಲೆಕ್ಕದಂತೆ ಒಂದು ತಿಂಗಳು ಹಾಲು ಹಿಂಡಿದ ಕೂಲಿಗೂ ಅದು ಸಾಲದು. ಅಲ್ಪವ್ಯಯದಿಂದ ಅಧಿಕಫಲವೆಂಬ ಸೂತ್ರಕ್ಕೆ ಇಲ್ಲಿ ತಕ್ಕ ಉತ್ತರ ದೊರೆಯುವುದು. ಈ ಸೀಮೆಯಲ್ಲಿ ಅತಿ ಅಗ್ಗವಾದ ಕ್ಷೀರಭಂಡಾರವೆಂದರೆ ಕೂಸಿನ ಬಳಿಯಲ್ಲಿ ತಾಯಿಗೊಂದು ಮಂಚ, ಎರಡು ಹೊತ್ತಿನ ಊಟ, ಕಳೆದ ಕೂಲಿಗೆ ಬದಲು, ಹಿಂಡುವುದನ್ನು ಕಲಿಸುವ ಒಬ್ಬ ದಾದಿ. ಇದಕ್ಕೆ ಬೇಕಾದ ಹಣವು ಕರುಳು ಕೊಳೆತ ಒಂದು ಕೂಸಿನ ಚಿಕಿತ್ಸೆಗೆ ಆಗುವ ವ್ಯಯದ ಮುಂದೆ ಏನೂ ಅಲ್ಲ. ದೊಡ್ಡ ಊರುಗಳ ಭಂಡಾರವೂ ಬೇಕು. ಆದರೆ ಅದು ಇದರ ಆಸರೆಯಾಗಿ ಬರಬೇಕೇ ಹೊರತು ಬದಲಾಗಿ ಅಲ್ಲ.

೭

ಕಾವ್ಯವಿಮರ್ಶೆಯು ಆಸ್ಪತ್ರೆಯ ಲೆಕ್ಕಕ್ಕೆ ಏಕೆ ಕೈಹಾಕಬೇಕೆಂದು ಕೆಲವರು ಕೇಳಬಹುದು. ಲೆಕ್ಕವೂ ಒಂದು ಬಗೆಯ ಬರಹ. ಅದರಲ್ಲಿಯೂ ವಿಶೇಷಣಗಳುಂಟು, ಮೌನಗಳುಂಟು. ತಾಯಹಾಲು ತಾನಾಗಿ ತೊರೆಯುವುದೆಂದ ಕವಿಯೂ ಅದು ಉಚಿತವೆಂದು ಬರೆದ ಗಣಕನೂ ಒಂದೇ ಮೌನದಲ್ಲಿ ಪಾಲುಗಾರರು. ಒಬ್ಬನು ತಾಯಿಯನ್ನು ಹೊಗಳಿ ಅವಳ ದುಡಿಮೆಯನ್ನು ಮರೆತನು. ಇನ್ನೊಬ್ಬನು ಅವಳ ಹಾಲನ್ನು ಹೊಗಳಿ ಅದೇ ದುಡಿಮೆಯನ್ನು ಸೊನ್ನೆಯೆಂದು ಎಣಿಸಿದನು. ಹಿಟ್ಟಿನ ನೀರಿನ ಕಥೆಯನ್ನು ಹೇಳಿದವನೂ, ಬೆಜ್ಜಮಹಾದೇವಿಯ ಆರ್ತತೆಯನ್ನು ಕಂಡವನೂ, ಪುಣ್ಯಕೋಟಿಯ ಒಪ್ಪಂದವನ್ನು ಹಾಡಿದವನೂ ಆ ಸೊನ್ನೆಯನ್ನು ಅಳಿಸಿರುವರು.

ಕನ್ನಡದಲ್ಲಿ ಹಾಲಿನ ಋಣವೆಂಬ ಮಾತಿದೆ. ಹಾಲಿನ ಉಚಿತವೆಂಬ ಮಾತಿಲ್ಲ. ಋಣವೆಂದರೆ ಬೆಲೆ ಉಂಟೆಂದು ಒಪ್ಪಿದಂತೆಯೇ. ಮಕ್ಕಳು ದೊಡ್ಡವರಾಗಿ ತೀರಿಸಬೇಕಾದ ಋಣವೆಂದು ಅದನ್ನು ಇಲ್ಲಿಯವರೆಗೆ ಅರ್ಥಮಾಡಿದುದಾಯಿತು. ಆದರೆ ದಿನ ತುಂಬದ ಕೂಸು ದೊಡ್ಡದಾಗುವವರೆಗೆ ಆ ಸಾಲವು ಕಾಯಲಾರದು. ಅದನ್ನು ಮೊದಲ ತಿಂಗಳಿನಲ್ಲಿಯೇ, ತಾಯಿಯ ಊಟದಲ್ಲಿ, ಮಂಚದಲ್ಲಿ, ಕೂಲಿಯಲ್ಲಿ, ಸಮಾಜವು ತೀರಿಸಬೇಕಾಗಿದೆ.